ಸಿಡಿಲಿಗೆ ಯಾರ ಪಾಪವೂ ಗೊತ್ತಿಲ್ಲ

ನನ್ನ ಅವ್ವ ಪಾಪ ಮಾಡಿ ಸಾಯಲಿಲ್ಲ. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮೂರು ಮೋರಖಂಡಿಯಲ್ಲಿ ಇವತ್ತಿಗೂ ಒಬ್ಬಿಬ್ಬರು ಮುದುಕರು ಹಾಗೆಂದೇ ನಂಬಿದ್ದಾರೆ. ಅವರ ನಂಬಿಕೆ ಅವರ ಜೊತೆಗೇ ಹೋಗಲಿ. ನಾನು ಮಾತ್ರ ಅದನ್ನು ಒಂದು ದಿನವೂ ಒಪ್ಪಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆ ಓದುತ್ತಿದ್ದೆ. ಅಪ್ಪ ಅವ್ವ ಇಬ್ಬರೂ ಊರಿನ ದೊಡ್ಡ ಮಾಲಕರೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಅಜ್ಜನ ಕಾಲಕ್ಕೇ ನಮ್ಮ ಮನೆ ಬೌದ್ಧ ಧರ್ಮಕ್ಕೆ ಬಂದಿತ್ತು. ದೇವರ ಜಗುಲಿ ಇದ್ದ ಜಾಗದಲ್ಲಿ ಅಜ್ಜ ಜೋಳದ ಚೀಲ ಇಟ್ಟಿದ್ದ. ಗಂಡಸರು ಹೊರಗೆ ಹೋದಾಗ ಊರಿನ ರೀತಿಗೆ ಅಷ್ಟಿಷ್ಟು ತಲೆಬಾಗುತ್ತಿದ್ದರು. ಅವ್ವ ಬಾಗುತ್ತಿರಲಿಲ್ಲ. ಮಾಲಕರ ಹೊಲದಲ್ಲಿ ಒಂದು ದೊಡ್ಡ ಹುಣಸೆಗಿಡ, ಅದರ ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲು. ಬಿತ್ತನೆಯ ದಿನ ಎಲ್ಲ ಹೆಣ್ಣಾಳುಗಳು ಅದಕ್ಕೆ ಕಾಯಿ ಒಡೆದು ಕೈಮುಗಿದರೆ, ಅವ್ವ ಅಷ್ಟು ದೂರ ನಿಂತು ಸೀರೆಯ ಸೆರಗು ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಕೆಲಸಕ್ಕೆ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದಳು. ಹೀಗಾಗಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನೋಡಿ ನೆನಪಿಟ್ಟುಕೊಂಡಿದ್ದರು.

ಆ ವರ್ಷ ಉದ್ದು ಕೀಳುವ ಹೊತ್ತಿಗೆ ಮಳೆ ಬಂತು. ಮಧ್ಯಾಹ್ನದ ರೊಟ್ಟಿ ಉಂಡು ಅವ್ವ ಸೇರಿ ನಾಲ್ಕು ಮಂದಿ ಹೆಂಗಸರು ಹೊಲಕ್ಕೆ ಇಳಿದಿದ್ದರು. ಪಶ್ಚಿಮಕ್ಕೆ ಕಪ್ಪಾಗಿ ಗಾಳಿ ಎದ್ದಿತು. ನಾಲ್ವರೂ ಕಿತ್ತ ಉದ್ದನ್ನು ತಾಡಪತ್ರಿಯಲ್ಲಿ ಮುಚ್ಚಿ ಹುಣಸೆಗಿಡದ ಕೆಳಗೆ ಓಡಿದರು. ಸಿಡಿಲು ಗಿಡಕ್ಕೇ ಬಿತ್ತು. ಅವ್ವ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಳಂತೆ. ಉಳಿದ ಮೂವರಲ್ಲಿ ಒಬ್ಬಾಕೆಯ ಕಿವಿ ಹೋಯಿತು, ಇನ್ನೊಬ್ಬಾಕೆಯ ಕಾಲು ಸುಟ್ಟಿತು, ಮತ್ತೊಬ್ಬಾಕೆ ಎರಡು ದಿನ ಮಾತಾಡಲಿಲ್ಲ. ಅವ್ವ ಒಬ್ಬಳೇ ಸತ್ತಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದಿದ್ದರು. ಮೈಮೇಲೆ ದೊಡ್ಡ ಗಾಯ ಇರಲಿಲ್ಲ. ಎಡಗಡೆ ಕುತ್ತಿಗೆಯಿಂದ ಕೆಳಗೆ ಇಳಿದ ಒಂದು ಕೆಂಪು ಗೆರೆ, ಗಿಡದ ಬೇರು ಹರಡಿದ ಹಾಗೆ. ಅಷ್ಟೇ.

ಮೂರನೆಯ ದಿನಕ್ಕೆ ಮಾತು ಶುರುವಾಯಿತು. ಮಾಲಕರು ಸ್ವತಃ ನಮ್ಮ ಓಣಿಗೆ ಬಂದು, ಬಾಗಿಲ ಹೊರಗೆ ನಿಂತೇ ಅಪ್ಪನಿಗೆ ಹೇಳಿದರು.

"ನೋಡಪಾ, ಸತ್ತವ್ರ ಬಗ್ಗೆ ಕೆಟ್ಟ ಮಾತಾಡಬಾರದು. ಆದ್ರ ಆ ಗಿಡದ ಕೆಳಗಿನ ತಾಯಿ ನಮ್ಮ ಹೊಲದಾಗ ನಾಕ್ ತಲಿಯಿಂದ ಕುಂತಾಳ. ನಿನ್ನ ಹೆಂಡ್ತಿ ಒಂದ್ ದಿನಾನೂ ಕೈ ಮುಗೀಲಿಲ್ಲ. ನಾಕ್ ಮಂದಿ ನಿಂತಿದ್ರು, ಆಕಿಗೇ ಯಾಕ ಬಡೀಬೇಕು? ಒಂದ್ ಕಾಯಿ ಒಡದು ತಪ್ಪಾತು ಅನ್ನು. ಇಲ್ಲಾಂದ್ರ ನಿಮ್ಮ ಮನಿ ಮಂದೀಗಿ ಹೊಲದಾಗ ಕರಿಲಿಕ್ಕಿ ಉಳಿದ ಆಳುಗಳು ಅಂಜತಾರ."

ಅಪ್ಪ ನೆಲ ನೋಡುತ್ತ ಕೂತಿದ್ದ. ನಾನು ಒಳಗಿನಿಂದ ಬಂದೆ. ಹದಿನೈದು ವರ್ಷದ ಹುಡುಗಿ, ಅತ್ತು ಅತ್ತು ಕಣ್ಣು ಬಾತಿದ್ದವು. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ.

"ಸಿಡ್ಲಿಗಿ ಕಲ್ಲೂ ಎರಡಾಗ್ಯದಲ್ರಿ ಮಾಲಕ್ರ. ಕಲ್ಲು ಏನ್ ಪಾಪ ಮಾಡಿತ್ತು?"

ನಿಜವಾಗಿಯೂ ಕಲ್ಲು ಸೀಳಿತ್ತು. ನಾನೇ ಹೋಗಿ ನೋಡಿ ಬಂದಿದ್ದೆ. ಅಪ್ಪ ಎದ್ದು ನನ್ನ ಕೆನ್ನೆಗೆ ಹೊಡೆದ. ಅವನು ನನ್ನನ್ನು ಹೊಡೆದದ್ದು ಅದೇ ಮೊದಲು, ಅದೇ ಕೊನೆ.

ಮುಂದಿನ ಸೋಮವಾರ ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಅಪ್ಪನನ್ನು ನೋಡಿದೆ. ಹುಣಸೆಗಿಡದ ಕೆಳಗೆ, ಸೀಳಿದ ಕಲ್ಲಿನ ಮುಂದೆ ಕೂತು ಕಾಯಿ ಒಡೆಯುತ್ತಿದ್ದ. ಅವನು ನನ್ನನ್ನು ನೋಡಲಿಲ್ಲ. ನಾನು ಕರೆಯಲೂ ಇಲ್ಲ. ಅವ್ವ ಆ ದಿನ ಎರಡನೆಯ ಸಲ ಸತ್ತಳು ಎಂದು ನನಗೆ ಅನ್ನಿಸಿತು. ಮನೆಯಲ್ಲಿ ನನ್ನ ಹಿಂದೆ ಒಬ್ಬ ತಂಗಿ ಇದ್ದಳು, ಹೊಟ್ಟೆ ಇತ್ತು, ಕೂಲಿ ಬೇಕಿತ್ತು. ಅದೆಲ್ಲ ಇವತ್ತು ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಮೂರು ವರ್ಷ ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಆ ಮೂರನೆಯ ವರ್ಷದ ಕೊನೆಗೆ ನಾನು ಬಸವಕಲ್ಯಾಣದ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದೆ. ಇತಿಹಾಸ ಕಲಿಸುವವರು ನಿವೃತ್ತಿಗೆ ಹತ್ತಿರವಾದ ಒಬ್ಬ ಮುಸಲ್ಮಾನ ಸರ್. ಬಿಳಿ ಶರ್ಟು, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಯಾವಾಗಲೂ ರಟ್ಟು ಹರಿದ ಒಂದು ಪುಸ್ತಕ. ಎಲ್ಲರಂತೆ ಅವರೂ ನೋಟ್ಸು ಹೇಳಿ ಬರೆಸುತ್ತಿದ್ದರು. ಆದರೆ ನಡುವೆ ನೋಟ್ಸು ಮುಚ್ಚಿ ಕಥೆಗೆ ಇಳಿದರೆ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ.

ಒಂದು ದಿನ ಅವರು ಯುರೋಪಿನ ಜ್ಞಾನೋದಯದ ಪಾಠ ಮಾಡುತ್ತಿದ್ದರು. ದುರ್ಬೀನಿನಲ್ಲಿ ಆಕಾಶ ನೋಡಿದವರು, ಭೂಮಿಯೇ ತಿರುಗುತ್ತದೆ ಎಂದವರು, ಅದಕ್ಕಾಗಿ ಮೊಳಕಾಲೂರಿ ಕ್ಷಮೆ ಕೇಳಬೇಕಾಗಿ ಬಂದವರು. ಅಚ್ಚುಮನೆಗಳು ಬಂದದ್ದು, ಕಾಫಿ ಅಂಗಡಿಗಳಲ್ಲಿ ಮಂದಿ ಕೂತು ರಾಜನ ತೆರಿಗೆಯನ್ನೂ ಪಾದ್ರಿಯ ಪ್ರವಚನವನ್ನೂ ಪ್ರಶ್ನೆ ಮಾಡಿದ್ದು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ. ಆಗ ಸರ್ ಹೇಳಿದರು:

"ಇನ್ನೊಂದ್ ಕೇಳ್ರಿ. ಗೈಡಿನಾಗ ಇದು ಸಿಗಲ್ಲ. ಅಲ್ಲಿ ಆಗ ಸಿಡ್ಲು ಬಂದ್ರ ಚರ್ಚಿನ ಗಂಟಿ ಬಾರಿಸ್ತಿದ್ರು. ಗಂಟಿ ಸಪ್ಪಳಕ್ಕ ಸೈತಾನ ಓಡಿಹೋಗ್ತಾನ ಅಂತ. ‘ನಾ ಸಿಡ್ಲು ಮುರೀತೀನಿ’ ಅಂತ ಗಂಟಿ ಮ್ಯಾಲೇ ಬರಸ್ತಿದ್ರು. ಊರಾಗ ಎಲ್ಲಕ್ಕಿಂತ ಎತ್ತರ ಯಾವುದು? ಚರ್ಚಿನ ಶಿಖರ. ಸಿಡ್ಲು ಅಲ್ಲಿಗೇ ಬೀಳೋದು. ತೊಯ್ದ ಹಗ್ಗ ಹಿಡಕೊಂಡು ಗಂಟಿ ಹೊಡ್ಯಾಕತ್ತವ ಅಲ್ಲೇ ಸಾಯ್ತಿದ್ದ. ಸತ್ತರ ಮಂದಿ ಏನಂತಿದ್ರು?"

ನನ್ನ ಬಾಯಿಂದ ಬಂತು: "ಪಾಪ ಮಾಡಿದ್ದ ಅಂತಿದ್ರು."

ಸರ್ ನನ್ನನ್ನೇ ನೋಡಿದರು. "ಬರಾಬರ್. ನಿಂಗ ಹ್ಯಾಂಗ ಗೊತ್ತು, ಬೇಟಿ?"

ನಾನು ನೋಟ್‌ಬುಕ್ಕಿನ ಹಾಳೆ ತಿರುವಿದೆ. ಅವರು ಮುಂದುವರಿಸಿದರು. ಅಮೆರಿಕದಲ್ಲಿ ಅಚ್ಚುಮನೆ ನಡೆಸುತ್ತಿದ್ದ ಒಬ್ಬಾತ, ಸಿಡಿಲು ಅಂದರೆ ವಿದ್ಯುತ್ತೇ, ಮನೆಯ ಮೇಲೆ ಚೂಪಾದ ಕಬ್ಬಿಣದ ಸಲಾಕೆ ನೆಟ್ಟು ಅದನ್ನು ಭೂಮಿಗೆ ಇಳಿಸಬಹುದು ಎಂದು ಬರೆದ. ಅದನ್ನು ಓದಿ ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯಲ್ಲಿ ಎತ್ತರದ ಸಲಾಕೆ ನೆಟ್ಟು ಮೋಡಕ್ಕೆ ಕಾದರು. ಮೋಡ ಬಂದಾಗ ಕಾವಲಿಗಿದ್ದವನು ಹಳ್ಳಿಯ ಪಾದ್ರಿಯನ್ನೇ ಕೂಗಿ ಕರೆದ. ಪಾದ್ರಿ ಆಲಿಕಲ್ಲು ಮಳೆಯಲ್ಲಿ ಓಡಿ ಬಂದು ಸಲಾಕೆಯಿಂದ ಕಿಡಿ ಹಾರುವುದನ್ನು ತಾನೇ ಕಣ್ಣಾರೆ ನೋಡಿದ. ಮುಂದೆ ಅದೇ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಒಬ್ಬಾತ ತನ್ನ ಮನೆಯ ಮೇಲೆ ಅಂಥ ಸಲಾಕೆ ಹಾಕಿದರೆ, ನೆರೆಯವರು ಇದು ಸಿಡಿಲನ್ನು ಊರಿಗೇ ಕರೆಯುತ್ತದೆ ಎಂದು ಅರ್ಜಿ ಕೊಟ್ಟರು. ತೆಗೆ ಎಂದು ಊರಿನ ಅಧಿಕಾರಿಗಳು ಆಜ್ಞೆ ಮಾಡಿದರು. ಅವನು ತೆಗೆಯಲಿಲ್ಲ, ಕೋರ್ಟಿಗೆ ಹೋದ. ಒಬ್ಬ ತರುಣ ವಕೀಲ ಅವನ ಪರವಾಗಿ ವಾದಿಸಿ ಗೆದ್ದ.

"ಆ ವಕೀಲ ಮುಂದ ಕ್ರಾಂತಿಯೊಳಗ ದೊಡ್ಡ ಮನಶ್ಯಾ ಆದ, ಎಷ್ಟೋ ಮಂದಿ ತಲಿ ತೆಗಿಸಿದ, ಕೊನಿಗಿ ಅವನ ತಲೀನೂ ಹೋಯ್ತು" ಎಂದು ಸರ್ ಚಷ್ಮಾ ತೆಗೆದು ಒರೆಸಿದರು. "ವಿಚಾರ ಅನ್ನೋದು ಚಾಕು ಇದ್ದಂಗ. ಕಾಯಿಪಲ್ಲೆನೂ ಕೊಯ್ತದ, ಬೆರಳೂ ಕೊಯ್ತದ. ಅಂತೇಳಿ ಮನ್ಯಾಗ ಚಾಕು ಇಡೋದು ಬಿಡ್ತೀರೇನು?"

ತರಗತಿ ಮುಗಿದ ಮೇಲೆ ನಾನು ಅವರ ಹಿಂದೆ ಹೋದೆ. ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಅವ್ವನ ಕಥೆ ಪೂರ್ತಿ ಹೇಳಿದೆ. ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಅವರು ಸಮಾಧಾನ ಹೇಳಲಿಲ್ಲ. "ನೀ ಇದಕ್ಕ ಯುರೋಪಿಗಿ ಹೋಗೋದು ಬ್ಯಾಡ" ಎಂದರು. "ಈ ಕಲ್ಯಾಣದಾಗ ಎಂಟ್ನೂರು ವರ್ಷದ ಹಿಂದ ಮಂದಿ ಮುಹೂರ್ತ ಸುಳ್ಳು, ಶಕುನ ಸುಳ್ಳು, ಹುಟ್ಟಿನಿಂದ ಮ್ಯಾಲ ಕೆಳಗ ಅನ್ನೋದು ಸುಳ್ಳು ಅಂತ ಬಾಯಿಬಿಟ್ಟು ಹೇಳಿದ್ರು. ಅವ್ರನ್ನ ಊರು ಬಿಡಿಸಿ ಓಡಿಸಿದ್ರು. ಅಲ್ಲಿ ಕೇಳಿದವ್ರಿಗೆ ಅಚ್ಚುಮನಿ ಇತ್ತು, ಕೋರ್ಟ್ ಇತ್ತು. ಇಲ್ಲಿ ಕೇಳಿದವ್ರಿಗೆ ಅಡವಿ ದಾರಿ. ಫರಕ್ ಅಷ್ಟೇ. ನಿಂಗ ಈಗ ಅಚ್ಚುಮನೀನೂ ಅದ, ಕೋರ್ಟೂ ಅದ. ಓದು."

ಓದಿದೆ. ಗ್ರಂಥಾಲಯದಲ್ಲಿ ಯುರೋಪಿನ ಆ ಕಾಲದ ಬಗ್ಗೆ ಇದ್ದ ಪುಸ್ತಕವೆಲ್ಲ ತೆಗೆದು ಓದಿದೆ. ಮೈಲಿ ಬೇನೆ, ಅಂದರೆ ಸಿಡುಬಿಗೆ ಚುಚ್ಚಿಸಿಕೊಳ್ಳಲು ಹೆದರಿದವರ ಬಗ್ಗೆ, ಮಾಟಗಾತಿ ಎಂದು ಸುಟ್ಟ ಹೆಂಗಸರ ಬಗ್ಗೆ, ಕಡೆಗೆ ಅಂಥ ಮೊಕದ್ದಮೆಗಳನ್ನೇ ನಿಲ್ಲಿಸಿದ ಕಾನೂನುಗಳ ಬಗ್ಗೆ. ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಅದೇ ದೇಶಗಳು ಮನುಷ್ಯರನ್ನು ಹಡಗಿನಲ್ಲಿ ತುಂಬಿ ಮಾರುತ್ತಿದ್ದವು ಎಂಬುದನ್ನೂ ಓದಿದೆ. ಅದನ್ನು ಓದಿದಾಗ ಸಿಟ್ಟು ಬಂತು. ಆದರೆ ಆ ಸಿಟ್ಟಿನಲ್ಲಿ ಪುಸ್ತಕ ಮುಚ್ಚಲಿಲ್ಲ. ಹೇಳಿದವನು ಕಪಟಿಯಾದರೆ ಹೇಳಿದ ಮಾತು ಸುಳ್ಳಾಗುವುದಿಲ್ಲ. ಅವನು ನುಂಗಿಕೊಂಡ ನಮ್ಮ ಪಾಲನ್ನು ನಾವು ಕೇಳಬೇಕು, ಅಷ್ಟೇ.

ಸರ್ ಪಾಠ ಮಾಡಿದ ದಿನವೇ ಮನೆಗೆ ಹೋಗಿ ಅಪ್ಪನ ಎದುರು ಕೂತಿದ್ದೆ. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಗಂಟೆಯ ಕಥೆ, ಸಲಾಕೆಯ ಕಥೆ, ಎತ್ತರದ ಒಂಟಿ ಗಿಡಕ್ಕೆ ಸಿಡಿಲು ಯಾಕೆ ಬೀಳುತ್ತದೆ, ಗಿಡಕ್ಕೆ ಬಿದ್ದದ್ದು ಹತ್ತಿರ ನಿಂತವರಿಗೆ ಹೇಗೆ ಹಾರುತ್ತದೆ, ಎಲ್ಲ ಹೇಳಿದೆ. ಅಪ್ಪನ ಕೈ ನಿಂತಿತು.

"ಅಂದ್ರ ನಿಮ್ಮವ್ವ ಮಾಡಿದ ತಪ್ಪು ಒಂದೇ. ಗಿಡದ ಕೆಳಗ ಓಡಿದ್ದು."

"ಅದೂ ಆಕಿ ತಪ್ಪಲ್ಲ ಅಪ್ಪ. ಓಡಬ್ಯಾಡ ಅಂತ ಆಕಿಗಿ ಯಾರೂ ಹೇಳಿದ್ದಿಲ್ಲ."

ಅಪ್ಪ ಹಗ್ಗವನ್ನು ಕೆಳಗಿಟ್ಟು ಅತ್ತ. ಅವ್ವನ ಹೆಣ ಮುಂದಿದ್ದಾಗಲೂ ಅವನು ಹಾಗೆ ಅತ್ತಿರಲಿಲ್ಲ. "ನಾ ಕಾಯಿ ಒಡದೀನಿ" ಎಂದ. "ಆಕಿ ಪರವಾಗಿ ತಪ್ಪಾತು ಅಂದೀನಿ. ಆಕಿ ಒಂದ್ ತಪ್ಪೂ ಮಾಡಿದ್ದಿಲ್ಲ." ನೋಡಿದ್ದೆ ಎಂದು ನಾನು ಹೇಳಲಿಲ್ಲ. ಅವನ ಪಕ್ಕ ಕೂತು ಹಗ್ಗದ ಇನ್ನೊಂದು ತುದಿ ಹಿಡಿದೆ. ನಮ್ಮಿಬ್ಬರ ನಡುವಿನ ಮೂರು ವರ್ಷ ಆವತ್ತು ಮುಗಿಯಿತು.

ಎರಡು ಸಾವಿರದ ಹೊತ್ತಿಗೆ ನಾನು ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಊರಿನ ಹೊರಗೆ ದಿಬ್ಬದ ಮೇಲೆ ಶಾಲೆ. ಸುತ್ತ ಬಯಲು. ಮೂರು ಕೋಣೆಗೆ ಆರ್‌ಸಿಸಿ ಮಾಳಿಗೆ, ಉಳಿದವಕ್ಕೆ ತಗಡು. ಅಂಗಳದಲ್ಲಿ ಒಂದು ಬೇವಿನ ಗಿಡ. ಮನ್ನಾಏಖೇಳ್ಳಿ ಕಡೆಯಿಂದ ಕಪ್ಪು ಮೋಡ ಎದ್ದರೆ ನನಗೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಹುಡುಗಿಯರು ಅದನ್ನು ಗುರುತಿಸಿದ್ದರು. "ಮೇಡಂಗೆ ಮಳಿ ಅಂದ್ರ ಅಂಜಿಕಿ" ಎಂದು ನಗುತ್ತಿದ್ದರು.

ಒಂದು ಜೂನಿನಲ್ಲಿ, ಶಾಲೆ ಶುರುವಾದ ವಾರದಲ್ಲೇ, ನಾಲ್ಕನೆಯ ಪಿರಿಯಡ್ಡಿನಲ್ಲಿ ಬೇವಿನ ಗಿಡಕ್ಕೆ ಸಿಡಿಲು ಬಡಿಯಿತು. ಗಿಡ ನಡುವೆ ಸೀಳಿತು. ಮಕ್ಕಳೆಲ್ಲ ಒಳಗಿದ್ದರು, ಯಾರಿಗೂ ಏನೂ ಆಗಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ಒಂಬತ್ತನೆಯ ತರಗತಿಯ ಒಬ್ಬಳಿಗೆ ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷರು ಮಾರನೆಯ ದಿನವೇ ಬಂದರು. ಅವರು ಹುಮನಾಬಾದಿನ ಹಳೆಯ ಕಿರಾಣಿ ವ್ಯಾಪಾರಿ. ಹಣೆಗೆ ವಿಭೂತಿ, ಮಾತು ಮೆತ್ತಗೆ. ಹೆಣ್ಣುಮಕ್ಕಳು ಓದಬೇಕೆಂದು ತಮ್ಮ ಜಾಗದಲ್ಲೇ ಶಾಲೆ ಕಟ್ಟಿಸಿದ್ದರು. ಕೆಟ್ಟ ಮನುಷ್ಯರಲ್ಲ, ಇದನ್ನು ಬರೆಯಲೇಬೇಕು. ಎಲ್ಲ ಶಿಕ್ಷಕರನ್ನು ಕೂರಿಸಿ, ಜಾಗಕ್ಕೆ ಏನೋ ದೋಷ ಇದೆ, ಶಾಂತಿ ಮಾಡಿಸೋಣ ಎಂದರು.

ನಾನು ಎದ್ದು ನಿಂತೆ. "ಶಾಂತಿ ಮಾಡಸ್ರಿ ಸರ್, ನಂದೇನೂ ತಕರಾರಿಲ್ಲ. ಜೊತಿಗಿ ಮಾಳಗಿ ಮ್ಯಾಲ ಒಂದ್ ಅರೆಸ್ಟರ್ ಹಾಕಸ್ರಿ. ಸಿಡ್ಲು ಬಿದ್ರ ತಾಮ್ರದ ಪಟ್ಟಿ ಹಿಡಕೊಂಡು ಭೂಮಿಗಿ ಇಳೀತದ."

"ಸಿಡ್ಲಿಗೇ ಅರೆಸ್ಟ್ ಮಾಡ್ತೀರೇನ್ರಿ ಮೇಡಂ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮಾತು ಶಾಂತಿಯ ಸಾಮಾನಿನ ಕಡೆಗೆ ಹೋಯಿತು.

ನಾನು ಕೂತೆ, ಆದರೆ ಬಿಡಲಿಲ್ಲ. ಹೆಡ್‌ಮಾಸ್ತರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅಂಜುಬುರುಕ ಮನುಷ್ಯ. ಅವರ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಅವರು, "ನನಗ ಕೇಳಬ್ಯಾಡ್ರಿ. ನೀವು ಹಾಕಸಿದ್ರ ನಾ ನೋಡಿಲ್ಲ" ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದೆ. ಮನ್ನಾಏಖೇಳ್ಳಿಯಲ್ಲಿ ಕರೆಂಟಿನ ಕೆಲಸದಿಂದ ನಿವೃತ್ತರಾದ ಒಬ್ಬ ಲೈನ್‌ಮನ್ ಇದ್ದರು. ಬಲಗೈಯ ಎರಡು ಬೆರಳು ಕೆಲಸದಲ್ಲೇ ಸುಟ್ಟುಹೋಗಿದ್ದವು. ಅವರು ಬಂದು ಮಾಳಿಗೆ ಹತ್ತಿ ನೋಡಿ, "ಇಷ್ಟ್ ಎತ್ತರದಾಗ ಇಷ್ಟ್ ಹುಡುಗ್ಯಾರಿಗಿ ಕೂಡ್ಸಿ, ಇಷ್ಟ್ ವರ್ಷ ಹ್ಯಾಂಗ ನಿದ್ದಿ ಮಾಡಿದ್ರಿ?" ಎಂದು ಕೇಳಿದರು. ಒಂದು ಭಾನುವಾರ ಅವರೂ ನಾನೂ ಸೇರಿ ಕೆಲಸ ಮುಗಿಸಿದೆವು. ಮೇಲೆ ಚೂಪು ತುದಿಯ ಸಲಾಕೆ, ಗೋಡೆಗುಂಟ ತಾಮ್ರದ ಪಟ್ಟಿ, ಕೆಳಗೆ ಪಟ್ಟಿಯ ತುದಿ ಹುಗಿಯಲು ಆಳದ ಗುಂಡಿ. ನೆಲ ತೇವ ಹಿಡಿದಿರಲೆಂದು ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬಿ ಮುಚ್ಚಿದೆವು. ನಾನೇ ಸಲಿಕೆ ಹಿಡಿದಿದ್ದೆ. ಅಂಗೈ ಬೊಬ್ಬೆ ಎದ್ದಿತು. ಅವತ್ತು ರಾತ್ರಿ ರೊಟ್ಟಿ ತಟ್ಟಲು ಆಗದಿದ್ದರೂ ಮನಸ್ಸಿಗೆ ಬಹಳ ಸುಖವಾಗಿತ್ತು.

ಸೋಮವಾರ ಬೆಳಿಗ್ಗೆ ಹತ್ತಿಪ್ಪತ್ತು ಮಂದಿ ತಂದೆತಾಯಿ ಗೇಟಿನ ಮುಂದೆ ನಿಂತಿದ್ದರು.

"ಏನ್ ನೆಟ್ಟೀರಿ ಅದು? ಸಿಡ್ಲಿಗಿ ಬಾ ಅಂತ ಕರದಂಗಾಯ್ತು!"

"ಕಬ್ಬಿಣಕ್ಕೇ ಸಿಡ್ಲು ಬೀಳ್ತದ ಅಂತ ಸಣ್ಣ ಕೂಸಿಗೂ ಗೊತ್ತದ. ನಮ್ಮ ಹುಡುಗ್ಯಾರ ತಲಿ ಮ್ಯಾಲೇ ಇಟ್ಟೀರಲ್ಲ!"

ನನಗೆ ನಗುವೂ ಬಂತು, ಅಳುವೂ ಬಂತು. ಫ್ರಾನ್ಸಿನ ಆ ಸಣ್ಣ ಊರಿನ ನೆರೆಯವರು ಇನ್ನೂರು ವರ್ಷ ದಾಟಿ ಹುಮನಾಬಾದಿನ ನಮ್ಮ ಗೇಟಿಗೆ ಬಂದು ನಿಂತಿದ್ದರು. ಅದೇ ಮಾತು, ಅದೇ ಭಯ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಕ್ಕಳಿಗಾಗಿ ಹೆದರಿದವರು ಅವರು. ಆದರೆ ಅದೇ ಮಧ್ಯಾಹ್ನ ನನ್ನ ಕೈಗೆ ಬಂದ ಚೀಟಿ ನೋಡಿ ಮಾತ್ರ ಸಿಟ್ಟು ಬಂತು. ಮಂಡಳಿಯ ಅಪ್ಪಣೆ ಇಲ್ಲದೆ ಮಾಡಿದ ಕೆಲಸ, ಮೂರು ದಿನದೊಳಗೆ ಕಿತ್ತುಹಾಕಬೇಕು, ಇಲ್ಲವಾದರೆ ಕ್ರಮ ಎಂದು ಬರೆದಿತ್ತು.

ನಾನು ಅಲ್ಲೇ ಕೂತು ಉತ್ತರ ಬರೆದೆ. ಅಪ್ಪಣೆ ಇಲ್ಲದೆ ಮಾಡಿದ್ದು ನಿಜ, ಅದಕ್ಕೆ ಶಿಕ್ಷೆ ಕೊಡಿ. ಕೀಳಬೇಕು ಎನ್ನುವುದಕ್ಕೆ ಕಾರಣ ಏನೆಂದು ಬರೆದು ಕೊಡಿ. ಎರಡೇ ಸಾಲು.

ಗುರುವಾರ ಸಭೆ ಕರೆದರು. ಮಂಡಳಿಯ ಏಳು ಮಂದಿ, ಹೆಡ್‌ಮಾಸ್ತರು, ಮತ್ತು ಕೀಳುವ ಕೆಲಸಕ್ಕೆಂದು ಕರೆಸಿದ ಅದೇ ಲೈನ್‌ಮನ್. ಅಧ್ಯಕ್ಷರು ಮೆತ್ತಗೇ ಶುರು ಮಾಡಿದರು.

"ಮೇಡಂ, ನೀವು ಓದಿದವ್ರು. ಆದ್ರ ಇದು ಪರದೇಶದವ್ರ ವಿಚಾರ. ನಮ್ಮ ಮಂದಿ ಭಾವನಾ ಬ್ಯಾರೆ ಅವ."

"ಸಿಡ್ಲಿಗಿ ಸ್ವದೇಶ ಪರದೇಶ ಗೊತ್ತಿಲ್ರಿ ಸರ್" ಎಂದೆ. "ಅಲ್ಲೂ ಮಂದಿ ಹಿಂಗೇ ಅಂದ್ರು. ಗಂಟಿ ಬಾರಿಸಿದ್ರು, ಸತ್ತರು. ಮೊದಲು ಸಲಾಕಿ ಹತ್ರ ಓಡಿ ಬಂದು ನೋಡಿದವ ಒಬ್ಬ ಪಾದ್ರಿ. ದೇವ್ರನ್ನ ಬಿಟ್ಟು ಬಂದಿದ್ದಿಲ್ಲ ಅವ. ನೋಡೂನು ಅಂತ ಬಂದ. ನೀವೂ ಒಮ್ಮಿ ನೋಡ್ರಿ ಅಂತ ಕೇಳಾಕತ್ತೀನಿ. ನಾ ಕಲ್ಯಾಣದ ಕಡಿಯಾಕಿ. ಮುಹೂರ್ತ ಶಕುನ ಬ್ಯಾಡ ಅಂದ ಶರಣರ ಊರು ಅದು. ಅವ್ರ ಪಟ ನಿಮ್ಮ ಅಂಗಡ್ಯಾಗ ಅದ, ನಾ ನೋಡೀನಿ. ದಿನಾ ಊದಿನಕಡ್ಡಿ ಹಚ್ಚತೀರಿ. ಜಾಗಕ್ಕ ದೋಷ ಅದ ಅಂತ ಅವ್ರು ಅಂತಿದ್ರೇನ್ರಿ?"

ಯಾರೋ ಕೆಮ್ಮಿದರು. ಅಧ್ಯಕ್ಷರ ಮುಖ ಕೆಂಪಾಯಿತು. ನಾನು ನಿಲ್ಲಿಸಲಿಲ್ಲ. ಅವ್ವನ ಹೆಣವನ್ನು ಗಾಡಿಯಲ್ಲಿ ತಂದದ್ದು, ಮಾಲಕರು ಬಾಗಿಲಿಗೆ ಬಂದದ್ದು, ಅಪ್ಪ ಹೊಡೆದದ್ದು, ಎಲ್ಲ ಹೇಳಿದೆ. "ನಮ್ಮವ್ವ ಪಾಪ ಮಾಡಿ ಸತ್ತಳು ಅಂತ ಊರು ಹೇಳ್ತು. ನಾಳಿ ಇಲ್ಲೊಂದು ಹುಡುಗಿ ಸತ್ತರ ಆಕಿ ಅವ್ವ ಅಪ್ಪನ ಮುಂದ ಹೋಗಿ ಏನ್ ಹೇಳ್ತೀರಿ? ನಿಮ್ಮ ಮಗಳು ಏನೋ ಪಾಪ ಮಾಡಿದ್ದಳು ಅಂತೀರೇನು? ನನಗ ಹೇಳಲಿಕ್ಕಾಗಲ್ಲ. ಅದಕ್ಕ ಹಾಕಸೀನಿ. ನಾ ಕೀಳಲ್ಲ."

ಒಬ್ಬ ಸದಸ್ಯರು, "ಅದೆಲ್ಲ ಖರೇ ಇರಬಹುದು, ಆದ್ರ ಮಂಡಳಿ ಮಾತು ಮಂಡಳಿ ಮಾತು. ತೆಗೀರಿ ಅದಕ್ಕ" ಎಂದು ಲೈನ್‌ಮನ್ ಕಡೆ ಕೈ ಮಾಡಿದರು.

ಲೈನ್‌ಮನ್ ಎದ್ದು ನಿಂತರು. "ತೆಗೀತೀನ್ರಿ, ಒಂದ್ ತಾಸಿನ ಕೆಲಸ. ಖರೆ, ನಾ ಸರಕಾರಿ ಕೆಲಸ ಮಾಡಿದಾಂವ. ಇಂಥಾದ್ದು ಇದ್ದದ್ದು ತೆಗೀಬೇಕಂದ್ರ ಒಂದ್ ಚೀಟಿ ಬೇಕು. ಯಾರ್ ತೆಗೆಸ್ಯಾರ, ಯಾಕ ತೆಗೆಸ್ಯಾರ ಅಂತ ಬರದು ಕೆಳಗ ಸಹಿ ಮಾಡಿ ಕೊಡ್ರಿ. ನಾಳಿ ಏನಾರ ಆದ್ರ ನನ್ನ ಕುತ್ತಿಗಿಗಿ ಬರಬಾರದು ನೋಡ್ರಿ."

ಹೆಡ್‌ಮಾಸ್ತರು ಕಾಗದ ತಂದು ಮೇಜಿನ ಮೇಲೆ ಇಟ್ಟರು. ಅದು ಅಧ್ಯಕ್ಷರಿಂದ ಕಾರ್ಯದರ್ಶಿಗೆ ಹೋಯಿತು, ಕಾರ್ಯದರ್ಶಿಯಿಂದ ಪಕ್ಕದವರಿಗೆ. ಏಳು ಮಂದಿಯ ಮುಂದೆ ಹೋಗಿ ತಿರುಗಿ ಬಂತು. ಒಬ್ಬರೂ ಪೆನ್ನು ತೆಗೆಯಲಿಲ್ಲ. "ಇನ್ನೊಮ್ಮಿ ವಿಚಾರ ಮಾಡೂನು" ಎಂದು ಅಧ್ಯಕ್ಷರು ಎದ್ದರು. ಇನ್ನೊಮ್ಮೆ ವಿಚಾರ ಮಾಡುವ ಸಭೆ ಯಾವತ್ತೂ ನಡೆಯಲಿಲ್ಲ.

ಆ ದಿನ ನನಗೆ ಒಂದು ಹೊಸ ವಿಷಯ ತಿಳಿಯಿತು. ಕಾಲೇಜಿನಲ್ಲಿ ಓದುವಾಗ, ಯುರೋಪಿನ ಮಂದಿಗೆಲ್ಲ ಒಂದು ಬೆಳಿಗ್ಗೆ ತಲೆಯಲ್ಲಿ ದೀಪ ಹತ್ತಿತು, ಆಮೇಲೆ ಎಲ್ಲ ಬದಲಾಯಿತು ಎಂದುಕೊಂಡಿದ್ದೆ. ಹಾಗೆ ಆಗಿರಲಾರದು. ಅಲ್ಲಿಯೂ ಎಷ್ಟೋ ಊರಿನಲ್ಲಿ ಒಬ್ಬ ಹಟಮಾರಿ ಸಲಾಕೆ ನೆಟ್ಟಿರಬೇಕು, ಒಬ್ಬ ಕೆಲಸಗಾರ ಚೀಟಿ ಕೇಳಿರಬೇಕು, ಏಳು ಮಂದಿ ಸಹಿ ಮಾಡಲು ಹೆದರಿರಬೇಕು. ನಂಬಿಕೆ ಹೋಗುವ ಮೊದಲೇ, ಅದರ ಪರವಾಗಿ ಹೆಸರು ಬರೆದು ಕೊಡುವ ಧೈರ್ಯ ಹೋಗುತ್ತದೆ. ಬದಲಾವಣೆ ಅಲ್ಲಿಂದ ಶುರು.

ನನಗೆ ಶಿಕ್ಷೆ ಆಯಿತು. ಹತ್ತನೆಯ ತರಗತಿ ಕಿತ್ತುಕೊಂಡು ಎಂಟನೆಯ ತರಗತಿ ಕೊಟ್ಟರು. ಎರಡು ಮನೆಯವರು ಮಕ್ಕಳನ್ನು ಬೇರೆ ಶಾಲೆಗೆ ಹಾಕಿದರು. ಆ ಹುಡುಗಿಯರಲ್ಲಿ ಒಬ್ಬಳು ದಸರೆಯ ನಂತರ ತಿರುಗಿ ಬಂದಳು. ಎಂಟನೆಯ ತರಗತಿಯ ಪುಸ್ತಕದಲ್ಲಿ ಯುರೋಪಿನ ಪಾಠ ಇರಲಿಲ್ಲ. ನಾನು ಹೇಳಿಯೇ ಹೇಳಿದೆ. ಗಂಟೆಯ ಕಥೆ, ಪಾದ್ರಿಯ ಕಥೆ, ಚಾಕುವಿನ ಮಾತು. ಇನ್‌ಸ್ಪೆಕ್ಟರ್ ಒಮ್ಮೆ ಬಂದಾಗ, ಇದು ಸಿಲೆಬಸ್ಸಿನಲ್ಲಿ ಎಲ್ಲಿದೆ ಎಂದು ಕೇಳಿದರು. "ಸಿಲೆಬಸ್ಸಿನಾಗ ಇಲ್ರಿ, ಮೋಡದಾಗ ಅದ" ಎಂದು ಕಿಟಕಿಯ ಹೊರಗೆ ತೋರಿಸಿದೆ. ಅವರು ವರದಿಯಲ್ಲಿ ಏನು ಬರೆದರೋ ನಾನು ಕೇಳಲಿಲ್ಲ.

ಸಲಾಕೆಗೆ ಸಿಡಿಲು ಬಿತ್ತೇ ಎಂದು ಇವತ್ತಿಗೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಬಿದ್ದಿದ್ದರೂ ಭೂಮಿಗೆ ಇಳಿದು ಹೋಗಿರುತ್ತದೆ. ಎಷ್ಟೋ ಮಳೆಗಾಲದಲ್ಲಿ ಶಾಲೆಯ ಮೇಲೇ ಗುಡುಗಿದೆ, ಒಂದು ಗೋಡೆಯೂ ಬಿರಿದಿಲ್ಲ, ಒಂದು ಮಗುವಿಗೂ ಏನೂ ಆಗಿಲ್ಲ. "ಏನೂ ಆಗಿಲ್ಲಲ್ಲ, ಅದರ ಗರಜೇ ಇದ್ದಿಲ್ಲ" ಎನ್ನುವವರೂ ಇದ್ದಾರೆ. ಏನೂ ಆಗಬಾರದೆಂದೇ ಹಾಕಿಸಿದ್ದು ಎಂದು ಅವರಿಗೆ ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳುತ್ತೇನೆ.

ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಮೋರಖಂಡಿಗೆ ಹೋಗಿ ನಮ್ಮ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಹೇಳುತ್ತೇನೆ: ಮೋಡ ಗುಡುಗಿದರೆ ಕೆಲಸ ಬಿಟ್ಟು ಪಕ್ಕಾ ಮನೆಗೆ ಹೋಗಿ, ಮಾಲಕರು ಬೈದರೂ ಹೋಗಿ. ಮನೆ ದೂರವಿದ್ದರೆ ಗಿಡದಿಂದ ದೂರ, ತಗ್ಗಿನಲ್ಲಿ, ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂಡಿ. ಗುಂಪಾಗಿ ಒಂದೇ ಕಡೆ ಕೂಡಬೇಡಿ. ಮೊದಲ ವರ್ಷ ಬಾಯಿಗೆ ಸೆರಗು ಹಿಡಿದು ನಕ್ಕರು. ಈಗ ಅವರೇ ಸೊಸೆಯರಿಗೆ ಕೂತು ತೋರಿಸುತ್ತಾರೆ. ಆ ಸಿಡಿಲಿಗೆ ಕಿವಿ ಹೋದ ಅವ್ವನ ಗೆಳತಿ ಎಲ್ಲರಿಗಿಂತ ಮುಂದೆ ಕೂರುತ್ತಾಳೆ. ಒಂದು ಮಾತೂ ಕೇಳಿಸುವುದಿಲ್ಲ, ಆದರೆ ಮುಗಿಯುವ ತನಕ ಏಳುವುದಿಲ್ಲ.

ಅಧ್ಯಕ್ಷರ ವಿಷಯ ಹೇಳಿ ಮುಗಿಸುತ್ತೇನೆ. ಸಭೆಯಾದ ವರ್ಷವೇ ದಸರೆಯ ಆಯುಧ ಪೂಜೆಗೆ ಅವರು ಶಾಲೆಗೆ ಬಂದರು. ಗಂಟೆಗೆ, ಬೋರಿನ ಮೋಟರಿಗೆ ಹೂ ಏರಿಸಿದ ಮೇಲೆ, ಗೋಡೆಗುಂಟ ಇಳಿದ ತಾಮ್ರದ ಪಟ್ಟಿಗೂ ಒಂದು ಚೆಂಡುಹೂವಿನ ಮಾಲೆ ಕಟ್ಟಿಸಿ ಕುಂಕುಮ ಹಚ್ಚಿದರು. ಹಚ್ಚಿ, ನನ್ನ ಕಡೆ ತಿರುಗಿ ನೋಡಿದರು. ನಾನು ಜಗಳ ತೆಗೆಯುತ್ತೇನೆ ಎಂದು ಎಲ್ಲರೂ ಕಾದಿದ್ದರು.

"ಹೂ ಕಟ್ರಿ ಸರ್, ಬ್ಯಾಡನ್ನಲ್ಲ" ಎಂದೆ. "ಆದ್ರ ಬ್ಯಾಸಿಗ್ಯಾಗ ಆ ಗುಂಡಿ ಒಣಗಿದ್ರ ಸಲಾಕಿ ಇದ್ದೂ ಇಲ್ಲದಂಗ. ಪೂಜಿ ಮಾಡೋರು ನೀರೂ ಹಾಕಬೇಕು."

ಏಪ್ರಿಲ್ಲಿನಲ್ಲಿ ಪರೀಕ್ಷೆಯ ಫಲಿತಾಂಶದ ದಿನ ಅವರು ಮತ್ತೆ ಬಂದಿದ್ದರು. ಬಿಸಿಲು ಸುಡುತ್ತಿತ್ತು. ಗುಂಡಿಯ ಮೇಲಿನ ಮಣ್ಣು ಬಿರುಕು ಬಿಟ್ಟಿತ್ತು. ನಾನು ಬೋರಿನಿಂದ ಒಂದು ಕೊಡ ತುಂಬಿ ತಂದು ಅವರ ಮುಂದೆ ಇಟ್ಟೆ. ಅವರು ಧೋತರದ ಚುಂಗು ಎತ್ತಿ ಕಟ್ಟಿಕೊಂಡು, ಕೊಡ ಎತ್ತಿ ಗುಂಡಿಗೆ ಸುರಿದರು. ನೆಲ ಗುಟಗುಟ ಕುಡಿಯಿತು.

"ಸಾಕೇನ್ರಿ ಮೇಡಂ?"

"ಇಲ್ರಿ ಸರ್, ಇನ್ನೊಂದು ಕೊಡ."